ನಾಕನೇ ಕಂಬದ ಗೀಟು

ಇಪ್ಪತ್ತೆರಡ ವರ್ಷ ಈ ಹೊಳಿ ನೀರ ಓದೇನಿ,
ಯಾರೂ ಕೇಳಿಲ್ಲ.
ಮುಂಜಾನಿ ಆರಕ್ಕ, ಸಂಜಿ ಆರಕ್ಕ,
ಹೊಳಿ ಬಂದಾಗ ತಾಸಿಗೊಮ್ಮೆ
ಘಟಪ್ರಭಾದ ಮೆಟ್ಟಲಾ ಇಳದು
ನಾಕನೇ ಕಂಬದ ಗೀಟಿಗೆ ಬ್ಯಾಟರಿ ಹಿಡದು
ಎಷ್ಟೈತಿ ಅಷ್ಟ ಬರದು, ಸಹಿ ಮಾಡಿ,
ಮ್ಯಾಲಿನ ಆಫೀಸಿಗೆ ಫೋನಿನಾಗ ಒದರಿ,
ಮತ್ತ ಬೀಡಿ.

ಈ ಆಷಾಢದಾಗ
ಸೇತುವಿ ಮ್ಯಾಲ ಮೋಟರ್‌ ಸೈಕಲ್‌ ಸಾಲ ಹಚ್ಚಿ ನಿಂತಾವ.
"ಲಗಮಪ್ಪ ಕಾಕಾ, ಎಷ್ಟ?"
ಮೊದಲ ತಿಳಕೊಂಡೆ, ಹುಡುಗೂರಿಗೆ ಹೊಳಿ ಮ್ಯಾಲ ಮಾಯೆ ಅಂತ.
ಆಮ್ಯಾಲ ತೌಫೀಕ ತನ್ನ ಫೋನ್‌ ತೋರಿಸಿದ:
ಗೋಕಾಕದ ಹಳೇ ಸೇತುವಿ
ಐತವಾರ ಮುಂಜಾನಿ ಆರರೊಳಗ ಮುಳುಗತೈತೇನು?
ಹೌದಿಗೆ ಆರೂವರಿ. ಇಲ್ಲಕ್ಕ ಮೂರೂವರಿ.
ಎರಡೂ ಕೂಡಿದ್ರ ಹತ್ತು, ಯಾವಾಗ ನೋಡಿದ್ರೂ ಹತ್ತು.
ಲೆಕ್ಕ ಚಂದೈತಿ.
ಹೊಳಿ ಮಾತ್ರ ಆ ಹತ್ತರಾಗ ಇಲ್ಲ.

"ತೀರ್ಮಾನ ಯಾರ ಮಾಡ್ತಾರ?" ಅಂದೆ.
ಬಟ್ಟಿನಿಂದ ತಳಕ್ಕ ಜಗ್ಗಿದ. ಇರವಿಯಂಥಾ ಅಕ್ಷರ:
ಇಲಾಖೆಯ ದಾಖಲೆಯಲ್ಲಿನ ಮಟ್ಟವೇ ಅಂತಿಮ.
ಅಂದ್ರ ನಾ.
ಅಂದ್ರ ಕಿವಿ ಮ್ಯಾಲ ಸಿಗಿಸಿದ ಈ ಮೋಟ ಪೆನ್ಸಿಲ್‌.

ನಮ್ಮಪ್ಪ ಓಸಿ ಆಡತಿದ್ದ.
ಕನಸಿನಾಗ ಹಾವ ಬಂದ್ರ ಒಂದ ನಂಬರ್‌,
ಹೆಣ ಕಂಡ್ರ ಇನ್ನೊಂದ,
ಏನೂ ಕಾಣದ ಗಡದ್ದ ನಿದ್ದಿ ಹತ್ತಿದ್ರ ಅವತ್ತ ಅಂವಗ ಲುಕ್ಸಾನ.
ಆವಾಗ ಕನಸಿಗೆ ಹಚ್ಚತಿದ್ರು, ಈಗ ಖರೇಕ್ಕ ಹಚ್ಚತಾರ.
ಕನಸಿಗೆ ಯಾರೂ ಲಂಚ ಕೊಡಾಕ ಬರ್ತಿರಲಿಲ್ಲ.

ಶನಿವಾರ ರಾತ್ರಿ ಸೂರತ್ತಿನಿಂದ ಒಬ್ಬ ಫೋನ್‌ ಮಾಡಿದ.
ನನ್ನ ನಂಬರ್‌ ಎಲ್ಲಿ ಸಿಕ್ಕಿತೋ. ಬಾಳ ಮೆತ್ತನ್ನ ಹಿಂದಿ.
ಎರಡ ಸೆಂಟಿಮೀಟರ್‌, ಅಷ್ಟ, ಕಡಿಮಿ ಬರೀರಿ ಸಾಹೇಬ್ರ.
ಸಾಹೇಬ್ರ ಅಂದ.
ಹದಿನಾಕ ವರ್ಷ ದಿನಗೂಲಿ, ಎಂಟ ವರ್ಷ ಪರ್ಮನಂಟ್‌,
ಅಷ್ಟರಾಗ ಒಮ್ಮೆನೂ ಬಿದ್ದಿರಲಿಲ್ಲ ಕಿವಿಗೆ ಆ ಮಾತ.
ಅಂವ ಇಟ್ಟಮ್ಯಾಲೂ
ಸುಮ್ಮನಿದ್ದ ಫೋನ್‌ ಕಿವಿಗೆ ಹಿಡಕೊಂಡ ಕುಂತಿದ್ದೆ.

ಒಂದ ಮಾತ ಯಾರಿಗೂ ಹೇಳಿಲ್ಲ.
ಆ ಗೀಟಿಗೆ ಏಪ್ರಿಲ್‌ನ್ಯಾಗ ಬಣ್ಣ ಹಚ್ಚಿದಾಂವ ನಾನ.
ರಣಾ ಬಿಸಲು, ನಡಕ್ಕ ಹಗ್ಗ, ಕೈ ನಡಗಿತು,
ಗೀಟು ಎರಡ ಬೆರಳ ದಪ್ಪ ಆತು.
ಮ್ಯಾಲಿನ ಅಂಚು ಹಿಡೀಬೇಕೋ ಕೆಳಗಿಂದೋ
ಯಾವ ಕಾಯಿದೆದಾಗೂ ಬರದಿಲ್ಲ.
ಐತವಾರ ನಸಿಕಿನ್ಯಾಗ ಬ್ಯಾಟರಿ ಬಿಟ್ಟ ನೋಡಿದ್ರ
ನೀರು ಆ ಬಿಳಿ ಬಣ್ಣದೊಳಗ ಬಂದ ಕುಂತೈತಿ,
ಹೌದೂ ಅಲ್ಲ, ಇಲ್ಲಾನೂ ಅಲ್ಲ.

ಮ್ಯಾಲ ಯಮನವ್ವ ಬಂದಿದ್ಲು, ತೆಲಿಮ್ಯಾಲ ಮಜ್ಜಿಗಿ ಗಡಿಗಿ,
ಆಚಿ ದಂಡಿಗೆ ಸಂತಿಗೆ ಹೋಗಾಕಿ.
"ದಾಟಬೌದೇನೋ ತಮ್ಮಾ?"
ಸಿದ್ದರಾಯ ಫೋನ್‌ ನೋಡಿ ಅಂದ:
"ಮುಳಗೂದು ಎಂಬತ್ತೊಂದ ಪರ್ಸೆಂಟ್‌, ಆಯಿ."
"ರೊಕ್ಕ ಹಾಕಾವ್ರು ನೀವು," ಅಂದ್ಲು,
"ಕಾಲ ಹಾಕಾಕಿ ನಾ.
ನೀರ ನೋಡಿದಾಂವಗ ಕೇಳ್ತೇನಿ."

ಆರಕ್ಕ ಐದ ಮಿನೀಟ ಇತ್ತು.
ಮೊದಲ ಸರಪಳಿ ಎಳದ ಹಾಕಿದೆ ಸೇತುವಿಗೆ.
"ಕುಂದರ ಬೇ, ಇವತ್ತ ಸಂತಿ ಇಲ್ಲ ನಿನಗ."
ಹುಡುಗೂರು ಗದ್ದಲಾ ಎಬ್ಬಿಸಿದ್ರು:
ಕಾಕಾ, ಸರಪಳಿ ಹಾಕಿದ್ರ ಮುಳುಗಿದಂಗೇನು?
ತೌಫೀಕ ತಳಾ ತನಕ ಜಗ್ಗಿ ಜಗ್ಗಿ ಹುಡುಕಿದ.
ಸರಪಳಿಗೆ ರೇಟ್‌ ಇರಲಿಲ್ಲ.

ಆಮ್ಯಾಲ ಬರದೆ.
ಏನ ಬರದೆ ಅಂತ ಬಾಯಿಲೆ ಹೇಳೂದಿಲ್ಲ, ರಜಿಸ್ಟರಿನ್ಯಾಗ ಐತಿ.
ಒಬ್ಬ ಚೀರಿ ಕುಣದ,
ಸಿದ್ದರಾಯ ಹೆಲ್ಮೆಟ್‌ ಹಾಕ್ಕೊಂಡ ಸುಮ್ಮನ ನಿಂತ,
ಗಾಡಿ ಮಾತ್ರ ಚಾಲೂ ಮಾಡಲಿಲ್ಲ.
ಯಮನವ್ವ ಅಲ್ಲೇ ಕಲ್ಲಿನ ಮ್ಯಾಲ ಗಡಿಗಿ ಇಳಿಸಿ
ಮಜ್ಜಿಗಿ ಹಾಕಾಕ ಶುರು ಮಾಡಿದ್ಲು,
ಗೆದ್ದಾವಗೂ ಗ್ಲಾಸಿಗೆ ಹತ್ತ, ಸೋತಾವಗೂ ಹತ್ತ.
ನನಗ ಪುಕ್ಕಟೆ ಕೊಡಾಕ ಬಂದ್ಲು, ಒಲ್ಲೆ ಅಂದೆ.
ಇವತ್ತ ಯಾರ ಕೈದೂ ಬ್ಯಾಡ.

ಏಳಕ್ಕ ಮತ್ತ ಇಳದೆ.
ಸೇತುವಿ ಮ್ಯಾಲ ಗಾಡಿ ಒಂದೂ ಇರಲಿಲ್ಲ,
ಎಷ್ಟ ಅಂತ ಕೇಳಾವ್ರೂ ಇಲ್ಲ.
ಗೀಟು ಕಾಣಲಿಲ್ಲ.
ಬೆರಳ ಹಾಕಿ ಹುಡುಕಿದೆ.